ಮಡಚುವ ಟಾಪು: ಇಬ್ಬರ ಕೈಯಿಂದ ಒಂದು ಬೆರಳಿಗೆ

ಪರಿ ಚೌಕದ ಮೆಟ್ರೊ ನಿಲ್ದಾಣದ ಕೆಳಗೆ ಈಗ ಇ-ರಿಕ್ಷಾಗಳದ್ದೇ ರಾಜ್ಯ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಸೈಕಲ್ ರಿಕ್ಷಾ ಇನ್ನೂ ನಿಂತಿರುತ್ತದೆ. ಅದರ ಸೀಟಿನ ಹಿಂದೆ ಮಡಚಿಟ್ಟ ರೆಕ್ಸಿನ್ ಟಾಪನ್ನು ಒಮ್ಮೆ ಗಮನಿಸಿ. ಮಳೆ ಹನಿಯತೊಡಗಿದರೆ ರಿಕ್ಷಾದವನು ಇಳಿದು ಬಂದು, ಕಮಾನನ್ನು ಎರಡೂ ಕೈಯಿಂದ ಮುಂದಕ್ಕೆ ಎಳೆದು, ಪಕ್ಕದಲ್ಲಿರುವ ಕಬ್ಬಿಣದ ಪಟ್ಟಿಯನ್ನು ಒಮ್ಮೆ ಬಲವಾಗಿ ಒತ್ತುತ್ತಾನೆ. ಟಕ್ ಎಂದು ಅದು ಕೂರುತ್ತದೆ. ಎಳೆಯುವ ಮೊದಲು ಒಂದು ಮಾತು ಹೇಳುತ್ತಾನೆ: "ಹಾಥ್ ಅಂದರ್ ರಖಿಯೇ." ಕೈ ಒಳಗಿಟ್ಟುಕೊಳ್ಳಿ.

ಅದೇ ಚೌಕ ದಾಟಿ ಯಮುನಾ ಎಕ್ಸ್‌ಪ್ರೆಸ್‌ವೇ ಕಡೆಗೆ ಚಳಿಗಾಲದ ಭಾನುವಾರಗಳಲ್ಲಿ ಟಾಪು ತೆರೆದ ಕಾರುಗಳೂ ಹೋಗುತ್ತವೆ. ಒಂದು ಗುಂಡಿ ಒತ್ತಿ ಹಿಡಿದರೆ ಇಡೀ ಚಾವಣಿ ತಾನೇ ಎದ್ದು, ಮಡಚಿಕೊಂಡು, ಹಿಂದಿನ ಮುಚ್ಚಳದೊಳಗೆ ಮಲಗುತ್ತದೆ. ನೋಡುವವರಿಗೆ ಮಾಯ. ಆದರೆ ರಿಕ್ಷಾದ ಟಾಪು ಮತ್ತು ಈ ಟಾಪು ಒಂದೇ ವಂಶದವು. ಕೀಲು ಅದೇ, ಕಮಾನು ಅದೇ, ಮೇಲಿನದ್ದು ಬಟ್ಟೆಯೇ. ಇಲ್ಲದಿರುವುದು ಒಂದೇ, "ಹಾಥ್ ಅಂದರ್" ಎನ್ನುವ ಮನುಷ್ಯ. ಅವನು ಎಲ್ಲಿ ಹೋದ, ಅವನ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ ಎಂದು ಹುಡುಕಿಕೊಂಡು ಹೊರಟರೆ ಇನ್ನೂರು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ನಮ್ಮ ಕಡೆಯ ಹಳೆಯ ಗಾಡಿಗಳಲ್ಲಿ ಮಾಡು ಇರುತ್ತಿತ್ತು, ಮಡಚುತ್ತಿರಲಿಲ್ಲ. ಕಮಾನು ಗಾಡಿಯ ಬಿದಿರಿನ ಕಮಾನು ಮದುವೆ ದಿಬ್ಬಣಕ್ಕೆ, ಜಾತ್ರೆಗೆ ಕಟ್ಟಿದ್ದು ಕಟ್ಟಿದಂತೆಯೇ ನಿಲ್ಲುತ್ತಿತ್ತು. ಗೊಬ್ಬರ ಹೊಡೆಯುವ ಕಾಲಕ್ಕೆ ಅದನ್ನು ಪೂರ್ತಿ ಬಿಚ್ಚಿ ಅಟ್ಟಕ್ಕೆ ಸೇರಿಸಬೇಕು. ಜಟಕಾದ ಗೂಡೂ ಹಾಗೆಯೇ, ಕದಲದು. ಮಡಚುವ ಮಾಡು ನಮ್ಮಲ್ಲಿಗೆ ಬಂದದ್ದು ಯುರೋಪಿನ ಕುದುರೆ ಸಾರೋಟುಗಳ ಜೊತೆ. ಮುಂಬೈಯ ವಿಕ್ಟೋರಿಯಾಗಳನ್ನು ಕಂಡವರಿಗೆ ಆ ಆಕಾರ ನೆನಪಿರುತ್ತದೆ: ಹಿಂದಿನ ಸೀಟಿನ ಮೇಲೆ ಅರ್ಧ ಬಿಚ್ಚಿದ ಛತ್ರಿಯಂತಹ ಚರ್ಮದ ಟಾಪು. 2015ರಲ್ಲಿ ಬಾಂಬೆ ಹೈಕೋರ್ಟು ಕುದುರೆಗಳ ಸ್ಥಿತಿ ನೋಡಿ ಆ ಗಾಡಿಗಳನ್ನು ನಿಲ್ಲಿಸುವಂತೆ ಹೇಳಿತು.

ಈ ಗಾಡಿಗಳಲ್ಲಿ ಟಾಪಿನ ಚರಿತ್ರೆಗೆ ಮುಖ್ಯವಾದದ್ದು ಲ್ಯಾಂಡೋ. ಜರ್ಮನಿಯ ಲ್ಯಾಂಡೌ ಎಂಬ ಊರಿನ ಹೆಸರು ಹೊತ್ತ, 18ನೇ ಶತಮಾನದ ಗಾಡಿ. ಎದುರು ಬದುರು ಸೀಟು, ಮುಂದೊಂದು ಹಿಂದೊಂದು ಎರಡು ಟಾಪು. ಎರಡನ್ನೂ ಎತ್ತಿದರೆ ನಡುವೆ ಸೇರಿ ಮುಚ್ಚಿದ ಕೋಣೆ, ಎರಡನ್ನೂ ಇಳಿಸಿದರೆ ಬಯಲು. ಇದರ ಪಕ್ಕದಲ್ಲಿ ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗಿದ ಕಬ್ಬಿಣದ ಒಂದು ತೋಳು ಇರುತ್ತಿತ್ತು. ಅದೇ ಇಡೀ ಯಂತ್ರದ ಗುಟ್ಟು.

ಈ ತೋಳು ನಮ್ಮ ಕೈಯಂತೆ ನಡುವೆ ಮೊಣಕೈ ಇರುವ ಎರಡು ತುಂಡು. ಮಡಚಿದಾಗ ಟಾಪು ಕೆಳಗೆ. ನಿಧಾನವಾಗಿ ನೀಡಿದಾಗ ಟಾಪು ಎದ್ದು ಬಟ್ಟೆ ಬಿಗಿಯುತ್ತದೆ. ತೋಳು ಪೂರ್ತಿ ನೆಟ್ಟಗಾಗುವ ಕ್ಷಣದಲ್ಲಿ ಬಿಗಿತ ಅತಿ ಹೆಚ್ಚು. ಅದನ್ನೂ ದಾಟಿ ಕೂದಲೆಳೆಯಷ್ಟು ಆಚೆಗೆ ತಳ್ಳಿದರೆ ಬಟ್ಟೆಯ ಬಿಗಿತವೇ ತೋಳನ್ನು ಅಲ್ಲಿಯೇ ಒತ್ತಿ ಹಿಡಿಯುತ್ತದೆ. ಬೀಗ ಬೇಡ, ಚಿಲಕ ಬೇಡ. ರಿಕ್ಷಾದವನ 'ಟಕ್' ಇದೇ. ಮಗುವಿನ ತಳ್ಳುಗಾಡಿಯ ಟಾಪಿನ 'ಟಕ್' ಕೂಡ ಇದೇ. ಇದರಲ್ಲೊಂದು ಎಡವಟ್ಟು ಇದೆ. ಮೊಣಕೈ ನೆಟ್ಟಗಾಗುವಾಗ ಅದರ ಎರಡು ತುಂಡುಗಳು ಕತ್ತರಿಯ ಅಲಗುಗಳಂತೆ ಒಂದರ ಪಕ್ಕ ಒಂದು ಸೇರುತ್ತವೆ, ಮತ್ತು ಸೇರುವ ಕೊನೆಯ ಅಂಗುಲದಲ್ಲಿ ಬಲ ಹಲವು ಪಟ್ಟು ಹೆಚ್ಚಾಗಿರುತ್ತದೆ. ಕೈಯಿಂದ ಮೆಲ್ಲಗೆ ಒತ್ತಿದರೂ ಅಲ್ಲಿ ಸಿಕ್ಕ ಬೆರಳು ಜಜ್ಜುತ್ತದೆ. ಮಡಚುವ ಟಾಪಿನ ಜೊತೆಯಲ್ಲೇ ಹುಟ್ಟಿದ ಅಪಾಯ ಇದು. ಮೋಟಾರು ಬಂದ ಮೇಲೆ ಹುಟ್ಟಿದ್ದಲ್ಲ.

ಮೋಟಾರು ಕಾರು ಬಂದಾಗ ಗಾಡಿ ಕಟ್ಟುವವರೇ ಅದಕ್ಕೂ ಮೈ ಕಟ್ಟಿದರು. ಹಾಗಾಗಿ ಟಾಪು ಕೀಲು ಸಮೇತ ಅಲ್ಲಿಗೆ ಹೋಯಿತು. ಇವತ್ತು ನಾವು ಮಡಚುವ ಟಾಪನ್ನು ಶ್ರೀಮಂತರ ಚಟ ಎಂದುಕೊಳ್ಳುತ್ತೇವೆ, ಆಗ ಲೆಕ್ಕ ತಿರುಗುಮುರುಗು. ಗಾಜಿನ ಕಿಟಕಿ, ಗಟ್ಟಿ ಚಾವಣಿಯ ಮುಚ್ಚಿದ ಕಾರು ದುಬಾರಿ. ಬಟ್ಟೆಯ ಟಾಪಿನ ತೆರೆದ ಕಾರು ಸಾಮಾನ್ಯರದು. ಅಮೆರಿಕದಲ್ಲಿ 1919ರಲ್ಲಿ ತಯಾರಾದ ಹತ್ತು ಕಾರುಗಳಲ್ಲಿ ಸುಮಾರು ಒಂಬತ್ತು ತೆರೆದವು. ಹತ್ತೇ ವರ್ಷದಲ್ಲಿ, 1929ರ ಹೊತ್ತಿಗೆ, ಹತ್ತರಲ್ಲಿ ಒಂಬತ್ತು ಮುಚ್ಚಿದವು. 1922ರಲ್ಲಿ ಎಸೆಕ್ಸ್ ಕಂಪನಿ ಅಗ್ಗದ ಮುಚ್ಚಿದ ಕಾರು ತಂದದ್ದು, ಉಕ್ಕಿನ ತಗಡನ್ನು ದೊಡ್ಡದಾಗಿ ಅಚ್ಚೊತ್ತುವ ವಿದ್ಯೆ ಬೆಳೆದದ್ದು ಇದಕ್ಕೆ ಕಾರಣ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದಾಗ ಹಳೆಯ ಕಾರುಗಳ ಮುಂಭಾಗದ ಹಿತ್ತಾಳೆ ದೀಪಗಳನ್ನು ಎಲ್ಲರೂ ನೋಡುತ್ತಾರೆ. ಮುಂದಿನ ಸಲ ಹಿಂದಕ್ಕೆ ಹೋಗಿ ಟಾಪಿನ ಕೀಲುಗಳನ್ನೂ ನೋಡಿ.

ಆ ಕಾಲದ ಟಾಪು ಎತ್ತುವುದು ಇಬ್ಬರ ಕೆಲಸವಾಗಿತ್ತು. ಉದ್ದನೆಯ ಕಾರು, ಮರದ ಭಾರವಾದ ಕಮಾನುಗಳು. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ನಿಂತು ಒಟ್ಟಿಗೆ ಎತ್ತಬೇಕು. ಒಬ್ಬನೇ ಎತ್ತಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತಿತ್ತು. ಮಳೆ ನಡುವೆ ಇದು ಎಂಥ ಪೀಡೆ ಎಂದು ಊಹಿಸಬಹುದು. ಅದಕ್ಕೇ 1910ರ ದಶಕದ ಜಾಹೀರಾತುಗಳಲ್ಲಿ 'ಒನ್ ಮ್ಯಾನ್ ಟಾಪ್' ಎಂಬುದು ದೊಡ್ಡ ಹೆಗ್ಗಳಿಕೆಯ ಮಾತಾಯಿತು. ಒಬ್ಬನೇ ಎತ್ತಬಹುದಾದ ಟಾಪು! ಫೋರ್ಡಿನ ಮಾಡೆಲ್ ಟಿ ಕಾರಿಗೆ ಅದು ಬಂದದ್ದು 1923ರ ಮಾದರಿಯಲ್ಲಿ.

ಇಲ್ಲಿ ಒಂದು ಸಣ್ಣ ವಿಷಯ ಕೈತಪ್ಪಿತು ಎಂದು ನನಗನ್ನಿಸುತ್ತದೆ. ಇಬ್ಬರು ಎತ್ತುತ್ತಿದ್ದಾಗ ಎರಡೂ ಪಕ್ಕದ ಕೀಲುಗಳ ಮೇಲೆ ತಲಾ ಒಂದು ಜೊತೆ ಕಣ್ಣು ಇತ್ತು. ಒಬ್ಬನ ಟಾಪು ಬಂದಾಗ ಆಚೆ ಪಕ್ಕದ ಕೀಲನ್ನು ನೋಡುವವರು ಯಾರೂ ಇರಲಿಲ್ಲ. ಆದರೂ ಕೈಗೆ ತಿಳಿಯುತ್ತಿತ್ತು. ಏನಾದರೂ ಅಡ್ಡ ಸಿಕ್ಕರೆ ಟಾಪು ಭಾರವಾಗುತ್ತಿತ್ತು, ಕೈ ತಾನಾಗಿ ನಿಲ್ಲುತ್ತಿತ್ತು. ಕಣ್ಣು ಹೋದರೂ ಸ್ಪರ್ಶ ಉಳಿದಿತ್ತು.

ಸ್ಪರ್ಶವೂ ಹೋದದ್ದು 1930ರ ದಶಕದಲ್ಲಿ. ಫ್ರಾನ್ಸಿನ ಜಾರ್ಜ್ ಪೊಲಾಂ ವೃತ್ತಿಯಿಂದ ಹಲ್ಲಿನ ಡಾಕ್ಟರು, ಬಿಡುವಿನಲ್ಲಿ ಕಾರಿನ ವಿನ್ಯಾಸಕಾರ. ಗಟ್ಟಿ ಲೋಹದ ಚಾವಣಿಯೇ ಇಡಿಯಾಗಿ ಹಿಂದಕ್ಕೆ ಸರಿದು ಡಿಕ್ಕಿಯೊಳಗೆ ಮಲಗುವ ಉಪಾಯಕ್ಕೆ ಪೇಟೆಂಟು ಪಡೆದ. ಪೆಜೊ ಕಂಪನಿ ಅದನ್ನು 'ಎಕ್ಲಿಪ್ಸ್', ಅಂದರೆ ಗ್ರಹಣ, ಎಂಬ ಹೆಸರಿನಲ್ಲಿ ಮಾರಿತು. 1935ರ 402 ಎಕ್ಲಿಪ್ಸಿನಲ್ಲಿ ಚಾವಣಿ ವಿದ್ಯುತ್ತಿನಿಂದ ಚಲಿಸುತ್ತಿತ್ತು. ಮರುವರ್ಷವೇ ಕಂಪನಿ ಮೋಟಾರು ತೆಗೆದು ಕೈಯಿಂದ ಎಳೆಯುವ ಏರ್ಪಾಟಿಗೆ ಮರಳಿತು. ಮುಂದೆ ಯುದ್ಧ ಬಂತು. ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿನಲ್ಲಿ ಪೊಲಾಂ ಬ್ರಿಟಿಷರಿಗೆ ಗುಪ್ತ ಮಾಹಿತಿ ಮುಟ್ಟಿಸುತ್ತಿದ್ದ. 1942ರ ಮಾರ್ಚಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಇವತ್ತು ಗುಂಡಿ ಒತ್ತಿ ಚಾವಣಿ ಮಡಚುವವರಲ್ಲಿ ಅವನ ಹೆಸರು ಬಲ್ಲವರು ಕಡಿಮೆ.

ಬಟ್ಟೆ ಟಾಪಿಗೆ ಶಕ್ತಿ ಸಿಕ್ಕಿದ್ದು ಅಮೆರಿಕದಲ್ಲಿ, 1939ರ ಪ್ಲಿಮತ್ ಕಾರಿನಲ್ಲಿ. ಎಂಜಿನ್ ಗಾಳಿ ಒಳಗೆಳೆದುಕೊಳ್ಳುವಾಗ ಹುಟ್ಟುವ ಹೀರುಬಲವನ್ನು ಎರಡು ಸಿಲಿಂಡರುಗಳಿಗೆ ಕೊಟ್ಟು ಟಾಪು ಎತ್ತಿಸಿದರು. ಯುದ್ಧದ ನಂತರ ಅದರ ಜಾಗಕ್ಕೆ ಹೈಡ್ರಾಲಿಕ್ ಬಂತು. ವಿದ್ಯುತ್ ಮೋಟಾರು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಎರಡು ಪಕ್ಕದ ಸಿಲಿಂಡರುಗಳಿಗೆ ನೂಕುತ್ತದೆ, ದಂಡ ಹೊರಬಂದು ಟಾಪಿನ ತೋಳನ್ನು ನೀಡುತ್ತದೆ. ಮೊದಮೊದಲು ಎಣ್ಣೆಯ ಬದಲು ಬ್ರೇಕ್ ದ್ರವವನ್ನೇ ಹಾಕುತ್ತಿದ್ದರು. ಸೋರಿದಲ್ಲೆಲ್ಲ ಕಾರಿನ ಬಣ್ಣ ಕಿತ್ತು ಬರುತ್ತಿತ್ತು. ಅದು ಹಾಗಿರಲಿ. ಹೈಡ್ರಾಲಿಕ್ಕಿನ ನಿಜವಾದ ಸಂಗತಿ ಎಂದರೆ ಅದಕ್ಕೆ ಮುಲಾಜಿಲ್ಲ. ಜೆಸಿಬಿಯ ತೋಳನ್ನು ಎತ್ತುವ ತತ್ತ್ವವೇ ಇದು. ಬಟ್ಟೆಯ ಬಿಗಿತ ಯಾವುದು, ಯಾರದೋ ಬೆರಳಿನ ತಡೆ ಯಾವುದು ಎಂದು ಎಣ್ಣೆಗೆ ತಿಳಿಯದು.

ಅಮೆರಿಕನ್ನರು ಇದನ್ನು ಅತಿಗೆ ಒಯ್ದದ್ದು 1957ರಲ್ಲಿ. ಫೋರ್ಡಿನ ಸ್ಕೈಲೈನರ್ ಎಂಬ ಕಾರಿನಲ್ಲಿ ಲೋಹದ ಚಾವಣಿ ಮಡಚಿ ಡಿಕ್ಕಿಗೆ ಇಳಿಯುತ್ತಿತ್ತು. ಅದಕ್ಕೆ 7 ಮೋಟಾರು, 600 ಅಡಿಗೂ ಹೆಚ್ಚು ತಂತಿ. ಮೊದಲು ಡಿಕ್ಕಿಯ ಮುಚ್ಚಳ ತೆರೆಯಬೇಕು. ಪೂರ್ತಿ ತೆರೆಯಿತು ಎಂದು ಒಂದು ಸಣ್ಣ ಸ್ವಿಚ್ಚು ಹೇಳಿದ ಮೇಲೆಯೇ ಚಾವಣಿಯ ಕೊಂಡಿಗಳು ಬಿಚ್ಚಬೇಕು. ಬಿಚ್ಚಿದವು ಎಂದು ಇನ್ನೊಂದು ಸ್ವಿಚ್ಚು ಹೇಳಿದ ಮೇಲೆ ಚಾವಣಿ ಏಳಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬರೀ ರಿಲೇಗಳಿಂದ ಕಟ್ಟಿದ ಪ್ರೋಗ್ರಾಂ! ನಮ್ಮ ಕಸುಬಿನವರು ಇದರ ವೈರಿಂಗ್ ನಕ್ಷೆ ನೋಡಿದರೆ ಕೈಮುಗಿಯುತ್ತಾರೆ. ಒಂದು ಸ್ವಿಚ್ಚು ಕೈಕೊಟ್ಟರೆ ಚಾವಣಿ ನಡು ಆಕಾಶದಲ್ಲಿ ನಿಲ್ಲುತ್ತಿತ್ತು ಎಂಬುದೂ ನಮಗೆ ಪರಿಚಿತವಾದ ಅನುಭವವೇ. ಮೂರು ವರ್ಷಗಳಲ್ಲಿ 48,394 ಕಾರು ಮಾಡಿ ಫೋರ್ಡ್ ಅದನ್ನು ನಿಲ್ಲಿಸಿತು. ಅದೇ ಬಗೆಯ ಯಂತ್ರ 1961ರ ಲಿಂಕನ್ ಕಾಂಟಿನೆಂಟಲ್‌ನ ಬಟ್ಟೆ ಟಾಪಿಗೆ ಬಂತು. 1963ರಲ್ಲಿ ಡಲ್ಲಾಸಿನಲ್ಲಿ ಕೆನಡಿ ಕೂತಿದ್ದದ್ದು ಆ ಮಾದರಿಯ ಮೇಲೆ ಕಟ್ಟಿದ ಕಾರಿನಲ್ಲಿ. ಬೆಳಗಿನ ಮಳೆ ನಿಂತಿತೆಂದು ಅದರ ಪಾರದರ್ಶಕ ಪ್ಲಾಸ್ಟಿಕ್ ಚಾವಣಿ ಹಾಕಿರಲಿಲ್ಲ. ಹಾಕಿದ್ದರೂ ಅದು ಗುಂಡು ತಡೆಯುವಂಥದ್ದಲ್ಲ.

ಆಮೇಲೆ ಇಳಿಗಾಲ. ಏರ್ ಕಂಡೀಷನರ್ ಬಂತು, ಹೆದ್ದಾರಿಯ ವೇಗ ಹೆಚ್ಚಿತು, ಕಾರು ಮಗುಚಿದರೆ ತಲೆಯ ಮೇಲೆ ಏನಿದೆ ಎಂಬ ಪ್ರಶ್ನೆಗೆ ಸರ್ಕಾರ ಉತ್ತರ ಕೇಳಬಹುದೆಂಬ ಭಯ ಹುಟ್ಟಿತು. 1976ರ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ತೆರೆದ ಕಾರು ಎಂದೇ ಮಾರಿದರು. ಆರು ವರ್ಷ ಕಳೆದು ಕ್ರೈಸ್ಲರ್ ಮತ್ತೆ ಶುರು ಮಾಡಿತು. ಮಗುಚುವ ಪ್ರಶ್ನೆಗೆ ಒಂದು ಉತ್ತರ 1989ರಲ್ಲಿ ಮರ್ಸಿಡಿಸ್ ಎಸ್‌ಎಲ್ ಕಾರಿನಲ್ಲಿ ಸಿಕ್ಕಿತು: ಕಾರು ಉರುಳುವ ಸೂಚನೆ ಸಿಕ್ಕ 0.3 ಸೆಕೆಂಡಿನಲ್ಲಿ ಸೀಟಿನ ಹಿಂದಿನಿಂದ ಚಿಮ್ಮಿ ನಿಲ್ಲುವ ಉಕ್ಕಿನ ಕಂಬಿ.

ಈ ಹೊತ್ತಿಗೆ ನಮ್ಮಲ್ಲಿ ಏನಾಗುತ್ತಿತ್ತು? 1940ರ ದಶಕದ ಕೊನೆಯಿಂದ ಮಹೀಂದ್ರದವರು ಜೋಡಿಸಿದ ವಿಲ್ಲಿಸ್ ಜೀಪುಗಳೇ ನಮ್ಮ ಕನ್ವರ್ಟಿಬಲ್ಲುಗಳು. ಕ್ಯಾನ್ವಾಸು, ಕಬ್ಬಿಣದ ಕಮಾನು, ಬಕಲ್ಲು, ಪಟ್ಟಿ. ಮಲೆನಾಡಿನ ಕಾಫಿ ತೋಟಗಳಲ್ಲಿ ಬೆಳೆದವರಿಗೆ ಜೀಪಿನ ಟಾಪು ಕಟ್ಟುವುದು ಮುಂಗಾರಿನ ಒಂದು ಆಚರಣೆ ಇದ್ದ ಹಾಗೆ. ಒದ್ದೆ ಕ್ಯಾನ್ವಾಸನ್ನು ಮಡಚಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ ಎಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ, ಮೂಗೇ ಹೇಳುತ್ತಿತ್ತು. ಇಲ್ಲಿಗೆ ಹತ್ತಿರದ ಗುರುಗ್ರಾಮದಲ್ಲಿ 1985ರ ಕೊನೆಯಿಂದ ಮಾರುತಿ ಜಿಪ್ಸಿ ತಯಾರಾಯಿತು, ಸೇನೆ ಪೊಲೀಸರಿಂದ ಹಿಡಿದು ಚುನಾವಣಾ ಮೆರವಣಿಗೆಯವರೆಗೆ ಎಲ್ಲರಿಗೂ ಒದಗಿತು.

ಕನ್ನಡದವರು ಹೆಮ್ಮೆಪಡಬಹುದಾದ, ಆದರೆ ಬಹುತೇಕ ಮರೆತಿರುವ ಒಂದು ಪ್ರಯತ್ನವೂ ಇದೆ. ಬೆಂಗಳೂರಿನಲ್ಲಿ ಸಣ್ಣ ಡೀಸೆಲ್ ರೈಲು ಎಂಜಿನ್ ಮಾಡುತ್ತಿದ್ದ ಸ್ಯಾನ್ ಎಂಜಿನಿಯರಿಂಗ್ ಬಳಗ 1998ರಲ್ಲಿ 'ಸ್ಯಾನ್ ಸ್ಟಾರ್ಮ್' ಎಂಬ ಎರಡು ಸೀಟಿನ ತೆರೆದ ಕಾರು ತಂದಿತು. ತಯಾರಿಕೆ ಗೋವಾದಲ್ಲಿ, ಫೈಬರ್ ಗ್ಲಾಸ್ ಮೈ, ರೆನೋ ಕಂಪನಿಯ 1.2 ಲೀಟರ್ ಎಂಜಿನ್. ಮಾರಾಟ ಕುದುರಲಿಲ್ಲ. ರೈಲು ಎಂಜಿನ್ ಮಾಡುವವರಿಗೆ ಇಂಥದ್ದೊಂದು ಮನಸ್ಸಾಯಿತಲ್ಲ, ಅದಕ್ಕೇ ನನಗೆ ಅವರ ಮೇಲೆ ಪ್ರೀತಿ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಹೊಸ ಥಾರ್‌ನಲ್ಲಿಯೂ ಬಟ್ಟೆ ಟಾಪು ಸಿಗುತ್ತಿತ್ತು. ಇವೆಲ್ಲದರಲ್ಲೂ ಟಾಪು ಬಿಚ್ಚುವುದು ಕೈಯಿಂದಲೇ.

ಗುಂಡಿ ಒತ್ತುವ ಟಾಪುಗಳು ನಮ್ಮಲ್ಲಿಗೆ ಬಂದದ್ದು ಹೊರದೇಶದ ಕಾರುಗಳ ಜೊತೆ. ಗ್ರೇಟರ್ ನೋಯ್ಡಾದ ಪಾತ್ರವೂ ಇಲ್ಲಿದೆ: ದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಯುತ್ತಿದ್ದ ಆಟೋ ಎಕ್ಸ್‌ಪೋದ ಕಾರು ಪ್ರದರ್ಶನ 2014ರಲ್ಲಿ ನಮ್ಮೂರಿನ ಇಂಡಿಯಾ ಎಕ್ಸ್‌ಪೋ ಮಾರ್ಟಿಗೆ ಬಂತು. ಆ ವರ್ಷದ ಕೊನೆಗೆ ಆಡಿ ಎ3 ಕ್ಯಾಬ್ರಿಯೊಲೆ ಮಾರಾಟಕ್ಕೆ ಬಂತು. 2018ರಲ್ಲಿ ರೇಂಜ್ ರೋವರ್ ಇವೋಕ್‌ನ ತೆರೆದ ಮಾದರಿ. ಎರಡರಲ್ಲೂ ಟಾಪು ತೆರೆಯಲು ಸುಮಾರು 18 ಸೆಕೆಂಡು. ಆಡಿಯಲ್ಲಿ ಗಂಟೆಗೆ 50 ಕಿಲೋಮೀಟರ್, ಇವೋಕ್‌ನಲ್ಲಿ 48 ಕಿಲೋಮೀಟರ್ ವೇಗದವರೆಗೆ ಓಡುತ್ತಲೇ ತೆರೆಯಬಹುದು. ಮಿನಿ ಕನ್ವರ್ಟಿಬಲ್‌ನಲ್ಲಿ ಆ ಮಿತಿ 30.

ನಾನು ಈ ಚರಿತ್ರೆಯ ಹಿಂದೆ ಬಿದ್ದದ್ದು ಕಾರಿನ ಹುಚ್ಚಿನಿಂದಲ್ಲ. ನಮ್ಮ ಸೊಸೈಟಿಯಲ್ಲಿರುವ ದಾವಣಗೆರೆ ಕಡೆಯ ಗೆಳೆಯರೊಬ್ಬರು ಸೆಕೆಂಡ್ ಹ್ಯಾಂಡಿನಲ್ಲಿ ಇಂಥದ್ದೊಂದು ಕಾರು ಕೊಂಡರು. "ಸಾರ್, ನೀವು ಎಂಟೆಕ್ ಮಾಡಿದೋರು, ಈ ಪುಸ್ತಕ ಒಂಚೂರು ನೋಡಿ ಹೇಳ್ರಿ," ಎಂದು ಕೈಪಿಡಿ ಕೊಟ್ಟರು. ಅವರ ಮನೆಯಲ್ಲಿ ಆರು ವರ್ಷದ ಅವಳಿ ಮಕ್ಕಳು. ಟಾಪು ಏಳುವಾಗಲೆಲ್ಲ ಇಬ್ಬರೂ ಹಿಂದಿನ ಸೀಟಿನ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ಸಂಜೆ ಅವರಲ್ಲೊಬ್ಬಳ ಕೈ ಅಂಚಿನ ಮೇಲಿತ್ತು. ತಾಯಿ ಹೊರಗೆ ನಿಂತಿದ್ದವರು ಕೂಗಿದರು, ಗೆಳೆಯರು ಗುಂಡಿಯಿಂದ ಬೆರಳು ತೆಗೆದರು, ಟಾಪು ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಮರುದಿನ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಕಿಟಕಿ ಗಾಜಿಗೆ ಕೈ ಅಡ್ಡ ಬಂದ್ರೆ ಅದೇ ವಾಪಸ್ ಹೋಗ್ತದ. ಇಷ್ಟು ದುಡ್ಡು ಕೊಟ್ಟ ಟಾಪು ಯಾಕೆ ಹೋಗಂಗಿಲ್ಲ?"

ಉತ್ತರ ಕಾನೂನಿನಲ್ಲಿದೆ. ಮೋಟಾರಿನ ಕಿಟಕಿಗಳಿಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಹಲವು ದೇಶಗಳು ನಿಯಮ ಬಿಗಿ ಮಾಡಿದವು. ತಾನಾಗಿ ಏರುವ ಗಾಜು 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ತೂಕದಷ್ಟು ಒತ್ತಡ ದಾಟುವ ಮೊದಲೇ ವಾಪಸು ಇಳಿಯಬೇಕು ಎಂಬುದು ಅದರ ತಿರುಳು. ಅಮೆರಿಕದ ವಾಹನ ಸುರಕ್ಷತಾ ನಿಯಮಗಳಲ್ಲಿ 118ನೆಯದು ಕಿಟಕಿ, ಒಳಗಿನ ಅಡ್ಡಗೋಡೆ, ಚಾವಣಿಯ ಜಾರುವ ಫಲಕ (ನಾವು ಸನ್‌ರೂಫ್ ಅನ್ನುತ್ತೇವಲ್ಲ, ಅದು) ಇವುಗಳಿಗೆ ಅನ್ವಯಿಸುತ್ತದೆ. ಆದರೆ ಚಾವಣಿ ಫಲಕ ಎಂದರೇನು ಎಂಬ ವ್ಯಾಖ್ಯೆಯಲ್ಲೇ ಕನ್ವರ್ಟಿಬಲ್ ಟಾಪು ಇದರಲ್ಲಿ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ.

ಬಿಟ್ಟದ್ದು ಯಾಕೆ ಎಂದು ಯಂತ್ರವನ್ನು ನೋಡಿದರೆ ಊಹಿಸಬಹುದು. ಗಾಜು ಒಂದೇ ದಾರಿಯಲ್ಲಿ ಮೇಲೆ ಕೆಳಗೆ ಹೋಗುತ್ತದೆ. ಮೋಟಾರು ಎಳೆಯುವ ವಿದ್ಯುತ್ತು ಏರಿತೆಂದರೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಟಾಪಿನಲ್ಲಿ ಹತ್ತಾರು ಕೀಲು. ಬಟ್ಟೆ ಬಿಗಿಯುವಾಗ ಒತ್ತಡ ತಾನಾಗಿ ಏರಲೇಬೇಕು, ಬೆರಳು ಇದ್ದರೂ ಇಲ್ಲದಿದ್ದರೂ. ಆ ಹಳೆಯ ಲ್ಯಾಂಡೋ ಮೊಣಕೈಯ ಕೊನೆಯ ಅಂಗುಲ ನೆನಪಿಸಿಕೊಳ್ಳಿ. ಜೊತೆಗೆ ಅಡ್ಡ ಸಿಕ್ಕಾಗ ಟಾಪು ಹಿಂದಕ್ಕೆ ತಿರುಗಿದರೆ ಒಂದು ಕೀಲು ತೆರೆಯುವಾಗ ಇನ್ನೊಂದು ಮುಚ್ಚುತ್ತದೆ. ಒಬ್ಬರ ಕೈ ಬಿಡಿಸಲು ಹೋಗಿ ಇನ್ನೊಬ್ಬರ ಕೈ ಹಿಡಿದಂತಾಗಬಹುದು. ಹಾಗಾಗಿ ಬಹುಪಾಲು ತಯಾರಕರು ಬೇರೆ ದಾರಿ ಹಿಡಿದರು. ಗುಂಡಿಯನ್ನು ಒಮ್ಮೆ ಒತ್ತಿ ಬಿಡುವುದಲ್ಲ, ಕೊನೆಯವರೆಗೂ ಒತ್ತಿ ಹಿಡಿದಿರಬೇಕು. ಬಿಟ್ಟ ಕ್ಷಣ ನಿಲ್ಲಬೇಕು. ರೈಲು ಚಾಲಕನ ಕೈ ಹಿಡಿಕೆ ಬಿಟ್ಟರೆ ಬ್ರೇಕು ಬೀಳುವ ಹಳೆಯ ಉಪಾಯವೇ ಇದು. ಕಾರಿಗೆ ಕಣ್ಣಿಲ್ಲ, ಸ್ಪರ್ಶವಿಲ್ಲ. ಅವೆರಡನ್ನೂ ಗುಂಡಿ ಹಿಡಿದವರಿಂದ ಕಡ ತೆಗೆದುಕೊಂಡಿದ್ದಾರೆ. ಈ 18 ಸೆಕೆಂಡಿನಲ್ಲಿ ಮೊಬೈಲು ನೋಡುವವರು ಆ ಕಡವನ್ನು ಕೊಡಲಿಲ್ಲ ಎಂದೇ ಲೆಕ್ಕ.

ಇದು ತಿಳಿದ ಮೇಲೆ ಕೈಪಿಡಿಯ ಎಚ್ಚರಿಕೆಗಳು ಬೇರೆಯೇ ರೀತಿ ಓದಿಸಿಕೊಂಡವು. ಮಕ್ಕಳನ್ನು ಇಳಿಸಿ, ಕಾರಿನಿಂದ ದೂರ, ನಿಮ್ಮ ಕಣ್ಣಿಗೆ ಕಾಣುವ ಕಡೆ ನಿಲ್ಲಿಸಿ ಎಂಬುದು ಮೊದಲನೆಯದು. ಇಳಿಸಲಾಗದಿದ್ದರೆ ಬೆಲ್ಟು ಹಾಕಿ ಕೂತು, ಕೈ ಮಡಿಲಲ್ಲಿ. ಕೀಲಿಯ ರಿಮೋಟಿನಿಂದ ಟಾಪು ತೆರೆಯುವ ಸೌಲಭ್ಯವಿದ್ದರೆ ಕಾರಿನ ಪಕ್ಕದಲ್ಲೇ ನಿಂತು ಒತ್ತಬೇಕು; ನಾಲ್ಕನೇ ಮಹಡಿಯ ಬಾಲ್ಕನಿಯಿಂದ ನೆಂಟರಿಗೆ ತೋರಿಸಲು ಅಲ್ಲ. ಡಿಕ್ಕಿಯೊಳಗೆ ಟಾಪಿಗೂ ಸಾಮಾನಿಗೂ ನಡುವೆ ಒಂದು ಪರದೆ ಇರುತ್ತದೆ. ಅದನ್ನು ಎಳೆದು ಸಿಕ್ಕಿಸದಿದ್ದರೆ ಟಾಪು ಕದಲುವುದಿಲ್ಲ. ಹೊಸಬರು ಕಾರು ಕೆಟ್ಟಿತೆಂದು ಗ್ಯಾರೇಜಿಗೆ ಫೋನು ಮಾಡುವುದು ಬಹಳ ಸಲ ಇದಕ್ಕೇ. ಆ ಪರದೆಯ ಮೇಲೆ ಒಂದು ಛತ್ರಿ ಇಟ್ಟರೂ ಸಾಕು, ಇಳಿಯುವ ಕಮಾನು ಅದರ ಮೇಲೆ ಕೂತು ಬಾಗುತ್ತದೆ.

ಅರ್ಧದಲ್ಲಿ ನಿಲ್ಲಿಸುವುದು ಬೆರಳು ಉಳಿಸಲು ಸರಿ, ಹಾಗೇ ಬಿಟ್ಟು ಹೋಗುವುದು ಸರಿಯಲ್ಲ. ಅರ್ಧ ಎದ್ದ ಟಾಪನ್ನು ಹಿಡಿದಿರುವುದು ಎಣ್ಣೆಯ ಒತ್ತಡ. ಸ್ವಲ್ಪ ಹೊತ್ತಿಗೆ ಅದು ಇಳಿಯುತ್ತದೆ, ಟಾಪು ತಾನಾಗಿ ಕುಸಿಯುತ್ತದೆ. ಅದರ ಕೆಳಗೆ ತಲೆ ಹಾಕಿ ಏನಾಯಿತೆಂದು ಇಣುಕುವುದು ಜಾಕ್ ಕೊಟ್ಟ ಕಾರಿನ ಕೆಳಗೆ ಮಲಗಿದಷ್ಟೇ ಅಪಾಯ. ಇಗ್ನಿಷನ್ ಆಫ್ ಮಾಡಿ, ಕೀಲಿ ಕಿಸೆಗೆ ಹಾಕಿಕೊಂಡು, ಆಮೇಲೆ ನೋಡಬೇಕು. ಮೊದಲಿಗೆ ಎಂಜಿನ್ ಚಾಲೂ ಇಟ್ಟು ಟಾಪು ಎತ್ತುವುದೂ ಇದಕ್ಕೇ: ಪಂಪು ಬ್ಯಾಟರಿಯನ್ನು ಚೆನ್ನಾಗಿ ಹೀರುತ್ತದೆ, ಸೋತ ಬ್ಯಾಟರಿ ನಡು ದಾರಿಯಲ್ಲಿ ಕೈಕೊಡುತ್ತದೆ.

ಇಷ್ಟು ಎಲ್ಲ ಊರಿಗೂ ಸಲ್ಲುವ ಮಾತು. ನಮ್ಮ ಊರಿನ ಸಂಕಟಗಳು ಯುರೋಪಿನಲ್ಲಿ ಬರೆದ ಕೈಪಿಡಿಯಲ್ಲಿಲ್ಲ. ಮೊದಲನೆಯದು ಬೇಸ್‌ಮೆಂಟು. ಮಡಚುವಾಗ ಟಾಪು ಕಾರಿನ ಎತ್ತರಕ್ಕಿಂತ ಎಷ್ಟೋ ಮೇಲಕ್ಕೆ ಎದ್ದು ಹೋಗುತ್ತದೆ. ಇಲ್ಲಿನ ಬಹುಮಹಡಿ ಕಟ್ಟಡಗಳ ಬೇಸ್‌ಮೆಂಟಿನಲ್ಲಿ ತಲೆಯ ಮೇಲೆ ನೀರಿನ ಪೈಪು, ಬೆಂಕಿ ಆರಿಸುವ ಪೈಪು, ಕೇಬಲ್ಲು ಹಾಸುವ ತಟ್ಟೆ. ಕಾರು ಒಳಗೆ ಹೋಯಿತು ಎಂದಮಾತ್ರಕ್ಕೆ ಟಾಪಿಗೂ ಜಾಗವಿದೆ ಎಂದಲ್ಲ. ಟಾಪಿನ ಕೆಲಸವೆಲ್ಲ ಬಯಲಿನಲ್ಲಿ, ಸಮತಟ್ಟಾದ ನೆಲದಲ್ಲಿ ಆಗಬೇಕು. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಂತರೆ ಕಾರಿನ ಮೈ ಸ್ವಲ್ಪ ತಿರುಚಿ ಕೊಂಡಿಗಳು ಒಂದಕ್ಕೊಂದು ಸೇರವು.

ಎರಡನೆಯದು ಮೇ, ಜೂನಿನ ಆಂಧಿ. ಹತ್ತು ನಿಮಿಷದಲ್ಲಿ ಆಕಾಶ ಹಳದಿಯಾಗಿ ಧೂಳಿನ ಗೋಡೆ ಬರುತ್ತದೆ. ಆಗಲೇ ಎಲ್ಲರೂ ಓಡುತ್ತಲೇ ಟಾಪು ಮುಚ್ಚಲು ಹೋಗುವುದು. ಎದ್ದು ನಿಂತ ಟಾಪು ಹಡಗಿನ ಹಾಯಿ; ಆ ಗಾಳಿಯ ಮುಂದೆ ಸಿಲಿಂಡರಿನ ದಂಡ ಬಾಗಬಹುದು. 50 ಕಿಲೋಮೀಟರ್ ಎಂದು ಬರೆದದ್ದು ಶಾಂತ ಗಾಳಿಯ ಲೆಕ್ಕ. ನೋಯ್ಡಾ ಎಕ್ಸ್‌ಪ್ರೆಸ್‌ವೇಯಲ್ಲಿ ಉಳಿದವರೆಲ್ಲ 100ರಲ್ಲಿ ಬರುವಾಗ ಟಾಪಿಗೋಸ್ಕರ 45ಕ್ಕೆ ಇಳಿಯುವುದು ಅದಕ್ಕಿಂತ ದೊಡ್ಡ ಅಪಾಯ. 165 ಕಿಲೋಮೀಟರಿನ ಯಮುನಾ ಎಕ್ಸ್‌ಪ್ರೆಸ್‌ವೇಗೆ ಏರುವ ಮೊದಲೇ ತೆರೆದೋ ಮುಚ್ಚಿಯೋ ಎಂದು ತೀರ್ಮಾನಿಸಿಬಿಡಬೇಕು. ಧೂಳಿನ ಇನ್ನೊಂದು ಕಿತಾಪತಿ ನಿಧಾನದ್ದು. ಟಾಪಿನ ಬುಡದಲ್ಲಿ ನೀರು ಹರಿದುಹೋಗುವ ಸಣ್ಣ ಕಾಲುವೆಗಳಿರುತ್ತವೆ. ಬೇಸಿಗೆಯ ಧೂಳು ಅಲ್ಲಿ ಕೂತು ಮೊದಲ ಮಳೆಗೆ ಕೆಸರಾಗಿ ಕಟ್ಟಿಕೊಳ್ಳುತ್ತದೆ, ನೀರು ಕಾರಿನೊಳಗೆ, ಕೆಲವು ಮಾದರಿಗಳಲ್ಲಿ ನೇರ ಪಂಪಿನ ಮೇಲೆ. ಜನವರಿಯ ಚಳಿಯಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದ್ದಾಗಿದ್ದರೆ ಬೆಳಿಗ್ಗೆ ಮಡಚಲೇಬಾರದು, ಬಿರುಕು ಬಿಡುತ್ತದೆ, ಬಿಸಿಲೇರುವವರೆಗೆ ಕಾಯಬೇಕು. ಕೋತಿಗಳ ವಿಷಯದಲ್ಲಿ ಯಾವ ಎಂಜಿನಿಯರಿಂಗೂ ಕೆಲಸಕ್ಕೆ ಬರದು.

ಕೈಪಿಡಿಯ ಕೊನೆಯ ಪುಟಗಳಲ್ಲಿ ಇನ್ನೊಂದು ಅಧ್ಯಾಯವಿತ್ತು: ವಿದ್ಯುತ್ತೋ ಪಂಪೋ ಪೂರ್ತಿ ಕೈಕೊಟ್ಟರೆ ಟಾಪನ್ನು ಕೈಯಿಂದ ಮುಚ್ಚುವ ಕ್ರಮ. ಇಂಥ ಕಾರುಗಳ ಕೈಪಿಡಿಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಇಗ್ನಿಷನ್ ಆಫ್ ಮಾಡಿ, ಡಿಕ್ಕಿಯ ಒಳಗಿನ ಕವಾಟವನ್ನು ತಿರುಗಿಸಿ ಎಣ್ಣೆಯ ಒತ್ತಡ ಇಳಿಸಬೇಕು, ಹಿಂದಿನ ಮುಚ್ಚಳ ಎತ್ತಬೇಕು, ಆಮೇಲೆ ಟಾಪನ್ನು ಎರಡೂ ಪಕ್ಕದಿಂದ ಹಿಡಿದು ಒಂದೇ ಸಮನಾಗಿ ಮೇಲಕ್ಕೆ ತರಬೇಕು. ಗೆಳೆಯರೂ ಅವರ ಶ್ರೀಮತಿಯವರೂ ಒಂದು ಭಾನುವಾರ ಗೇಟಿನ ಪಕ್ಕದ ಬಯಲಿನಲ್ಲಿ ಅದನ್ನು ಮಾಡಿ ನೋಡಿದರು, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಅಧ್ಯಾಯದ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ ಇತ್ತು, ಈ ಕೆಲಸಕ್ಕೆ ಇಬ್ಬರು ಬೇಕು ಎಂದು.